ಕಾಸಿಲ್ಲದ ಶನಿವಾರಗಳು

ಸೆಪ್ಟೆಂಬರ್ 6, ಶನಿವಾರ

ಕ್ಷಮಿಸು, ಪುಸ್ತಕವೇ. ಮತ್ತೆಂದೂ ಡೈರಿ ಬರೆಯುವುದಿಲ್ಲ ಎಂದು ಆಣೆ ಇಟ್ಟಿದ್ದೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಶಾಲೆಯ ಹಾಸ್ಟೆಲ್‌ನಲ್ಲಿ ಪ್ರತಿ ಭಾನುವಾರ ಮೇಟ್ರನ್ ಎದುರು ಓದಿ ಒಪ್ಪಿಸಬೇಕಿತ್ತು. ಎಲ್ಲರದೂ ಒಂದೇ ವಾಕ್ಯ: ಈ ವಾರ ಸಂತೋಷವಾಗಿದ್ದೆ. ಅಮೆರಿಕದ ಈ ಕಾಲೇಜಿನಲ್ಲಿ ಕೇಳುವವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಾದರೆ ತಪ್ಪು.

ಬಟ್ಟೆ ಮೆಷಿನ್‌ನಲ್ಲಿ ತಿರುಗುತ್ತಿದೆ. ಇಡೀ ಮಹಡಿಗೆ ಅದೊಂದೇ ಸದ್ದು. ಶುಕ್ರವಾರ ಸಂಜೆಯಾದರೆ ಸಾಕು, ಎಲ್ಲರೂ ಕಾರು ಹತ್ತಿ ಮನೆಗೆ. ನನಗೆ ಮನೆ ಎಂದರೆ... ಅಪ್ಪ ಈ ಮಿನೆಸೋಟದವನೇ, ಆದರೆ ವಾಯುಸೇನೆಯ ಕೆಲಸದಲ್ಲಿ ಈಗ ಜಪಾನ್. ಅಮ್ಮ ಲೀಡ್ಸ್‌ನಲ್ಲಿ. "ಕ್ರಿಸ್‌ಮಸ್‌ವರೆಗೂ ನೋಡು ಹ್ಯಾಟಿ. ಆಗ್ಲಿಲ್ಲ ಅಂದ್ರೆ ವಾಪಸ್ ಬಂದ್ಬಿಡು," ಎಂದಳು ಫೋನ್‌ನಲ್ಲಿ. ಏನು ಆಗಬೇಕು ಎಂದು ನಾನು ಕೇಳಲಿಲ್ಲ. ಕನಿಷ್ಠ ಒಬ್ಬರಾದರೂ ಸ್ನೇಹಿತರು, ಬಹುಶಃ.

ಸಂಜೆ

ಊರಿನ ಲೈಬ್ರರಿಗೆ ಹೋಗಿದ್ದೆ. ಬೆಚ್ಚಗಿರುತ್ತದೆ, ಯಾರೂ ಏಳು ಅನ್ನುವುದಿಲ್ಲ. ಕೌಂಟರಿನಲ್ಲಿ ಮಿಸೆಸ್ ಲಿಂಡ್‌ಕ್ವಿಸ್ಟ್, ಕನ್ನಡಕಕ್ಕೆ ಮಣಿಸರ. ಅರ್ಧ ಗಂಟೆ ಧೈರ್ಯ ಕೂಡಿಸಿ ಕೇಳಿದೆ: "ಈ ಊರಲ್ಲಿ ಕಾಸು ಖರ್ಚಿಲ್ದೆ ಏನು ಮಾಡಬಹುದು?"

"ಉಸಿರಾಡಬಹುದು," ಎಂದಿತು ಕಪಾಟಿನ ಹಿಂದಿನಿಂದ ಒಂದು ದನಿ.

"ಸುಮ್ನಿರೋ ಎಮೆಟ್! ಮಗು, ಇವನ ಮಾತಿಗೆ ಬೇಜಾರು ಮಾಡ್ಕೋಬೇಡ. ಇವನೇ ಕರ್ಕೊಂಡು ಹೋಗ್ತಾನೆ, ಮುಂದಿನ ಶನಿವಾರ. ಹೌದು ತಾನೇ?"

ಪುಸ್ತಕ ಜೋಡಿಸುತ್ತಿದ್ದವನು ತಲೆ ಹೊರಹಾಕಿದ. ನನ್ನ ಕೆಮಿಸ್ಟ್ರಿ ಕ್ಲಾಸಿನ ಹಿಂದಿನ ಬೆಂಚಿನವನು. ಎಮೆಟ್ ಕ್ವಾಮೆ. ಕಿವಿ ಕೆಂಪಾಗಿತ್ತು. ನನ್ನದೂ.

ಸೆಪ್ಟೆಂಬರ್ 13

ಎಮೆಟ್ ಜೊತೆ, ಅಣೆಕಟ್ಟಿನ ಪಕ್ಕದ ಕಟ್ಟೆ. ಮೆಕ್ಕೆಜೋಳ ತುಂಬಿದ ಬಾರ್ಜ್ ಎಂಬ ಚಪ್ಪಟೆ ಸರಕುದೋಣಿಗಳು ಕಾಲುವೆಯಂಥ ತೊಟ್ಟಿಯೊಳಗೆ ಬರುತ್ತವೆ, ನೀರು ಇಳಿಯುತ್ತದೆ, ಬಾರ್ಜ್ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ. ಅಷ್ಟೇ. ಊರಿನ ಅರ್ಧ ಜನ ಮಡಚುವ ಕುರ್ಚಿ ತಂದು ನೋಡುತ್ತಿದ್ದರು.

"ಎಷ್ಟೊತ್ತು ನೋಡೋದು?"

"ಮುಗಿಯೋವರೆಗೆ."

"ಬೋರ್ ಆಗಲ್ವಾ?"

"ಆಗತ್ತಲ್ಲ. ಬೋರಾದ್ಮೇಲೇ ಚೆನ್ನಾಗಿರೋದು, ಮಹಾರಾಣಿ."

ನನ್ನ ಇಂಗ್ಲೆಂಡಿನ ಉಚ್ಚಾರಣೆಗೆ ಈ ಬಿರುದು. ಬೋರಾಯಿತು. ಆಮೇಲೆ, ನಿಜವಾಗಿ, ಚೆನ್ನಾಗಿತ್ತು. ಹಾಲು ಕರೆಯುವ ಹೊತ್ತಾಯಿತೆಂದು ಹಳೇ ಪಿಕಪ್‌ನಲ್ಲಿ ಓಡಿದ. ಅವರದು ಊರಾಚೆ ಹಸುಗಳ ಫಾರ್ಮ್.

ಸೆಪ್ಟೆಂಬರ್ 27

ಲೈಬ್ರರಿಯಲ್ಲಿ ಗಾಳಗಳನ್ನೂ ಎರವಲು ಕೊಡುತ್ತಾರೆ! ಪುಸ್ತಕದ ಕಾರ್ಡೇ ಸಾಕು. ನದಿದಂಡೆ, ಡಬ್ಬದ ತುಂಬ ಎರೆಹುಳ.

"ಏನು ಗೊಣಗ್ತಿದೀಯಾ?" ಎಂದ ಎಮೆಟ್.

"ಏನಿಲ್ಲ."

"ಹುಳಕ್ಕೆ ಸಾರಿ ಹೇಳ್ತಿದೀಯಾ?"

"...ಹೂಂ."

"ಮೀನಿಗೂ ಹೇಳ್ಬಿಡು. ಇಷ್ಟೊತ್ತು ಕಾಯಿಸಿದ್ದಕ್ಕೆ."

ಏನೂ ಸಿಗಲಿಲ್ಲ. ಎದೆ ಡವಗುಟ್ಟದೆ ಕಳೆದ ಮೊದಲ ಮಧ್ಯಾಹ್ನ. ಬರೆದುಬಿಟ್ಟೆ, ದೃಷ್ಟಿ ತಾಗದಿರಲಿ.

ಅಕ್ಟೋಬರ್ 11

ಅವಮಾನ. ದೊಡ್ಡ ಅವಮಾನ.

ಚರ್ಚ್‌ನ ನೆಲಮಾಳಿಗೆಯಲ್ಲಿ ಊಟ. ಕಾಣಿಕೆ ಡಬ್ಬಿಗೆ ಇಷ್ಟವಿದ್ದಷ್ಟು ಹಾಕಬಹುದು, ಹಾಕದಿದ್ದರೂ ಯಾರೂ ನೋಡುವುದಿಲ್ಲ. ಆಲೂಗಡ್ಡೆ, ಮಾಂಸ ಬೇಯಿಸಿದ ಹಾಟ್‌ಡಿಶ್, ಕೊನೆಗೆ ನಿಂಬೆಯ ಸಿಹಿ ತುಂಡುಗಳು. ತಟ್ಟೆಯಲ್ಲಿ ಒಂದೇ ಉಳಿದಿತ್ತು. ತಗೋ ಅಂದರು ಯಾರೋ. ತೆಗೆದುಕೊಂಡೆ. ಪೂರ್ತಿ. ಮೇಜಿನವರೆಲ್ಲ ನನ್ನ ತಟ್ಟೆಯನ್ನೇ ನೋಡಿದರು.

ಮಿಸೆಸ್ ಲಿಂಡ್‌ಕ್ವಿಸ್ಟ್ ಪಾತ್ರೆ ತೊಳೆಯುವ ಕಡೆಗೆ ಎಳೆದೊಯ್ದರು. "ಮಗು, ಇಲ್ಲಿ ಕೊನೇ ತುಂಡನ್ನ ಯಾರೂ ತಗೊಳಲ್ಲ. ಅರ್ಧ ಕುಯ್ತಾರೆ. ಆಮೇಲೆ ಬಂದೋರು ಉಳಿದ ಅರ್ಧದಲ್ಲಿ ಅರ್ಧ. ರವೆಯಷ್ಟಾದ್ರೂ ಅಲ್ಲೇ ಇರತ್ತೆ."

"ಅವರೇ ತಗೋ ಅಂದ್ರಲ್ಲ!"

"ಅನ್ನಲೇಬೇಕಲ್ಲ! ನೀನು ಬೇಡ ಅನ್ಬೇಕು. ಇನ್ನೊಂದ್ಸಲ ಅಂತಾರೆ, ಆಗ್ಲೂ ಬೇಡ. ಮೂರನೇ ಸಲ ಕೇಳಿದಾಗ 'ನಿಮಗೇನೂ ತೊಂದ್ರೆ ಇಲ್ಲ ಅಂದ್ರೆ...' ಅಂತ ತಗೋ."

"ಮೂರನೇ ಸಲ ಕೇಳದಿದ್ರೆ?"

"ಅಂಥೋರನ್ನ ಈ ಊರಲ್ಲಿ ನಾನು ನೋಡಿಲ್ಲಪ್ಪ."

ಆಚೆ ಎಮೆಟ್ ಕುರ್ಚಿ ಮಡಚುತ್ತಾ ನಗುತ್ತಿದ್ದ. "ಕದ್ದ ತುಂಡು ರುಚಿಯಾಗಿತ್ತಾ, ಮಹಾರಾಣಿ?"

ತುಂಬಾ.

ನವೆಂಬರ್ 2, ಭಾನುವಾರ

ಬರೆಯಲಾಗಿಲ್ಲ. ಮಿಡ್‌ಟರ್ಮ್. ಪರೀಕ್ಷೆಗೆಂದು ಒಂದೇ ಪುಟವನ್ನು ಹತ್ತು ಸಲ ಓದುತ್ತಿದ್ದೆ. ಎಮೆಟ್ ಬಂದು ಕೆಮಿಸ್ಟ್ರಿ ಪುಸ್ತಕ ಮುಚ್ಚಿಸಿದ. ಬೆಟ್ಟದ ಮೇಲೆ ಕೂತು ಗೂಡ್ಸ್ ರೈಲಿನ ಡಬ್ಬಿ ಎಣಿಸಿದೆವು. ಇಬ್ಬರ ಲೆಕ್ಕವೂ ಬೇರೆ ಬೇರೆ ಬಂತು. ಜಗಳ. ಇನ್ನೊಂದು ರೈಲಿಗೆ ಕಾದೆವು.

ಕ್ರಿಸ್‌ಮಸ್ ನಂತರವೂ ಇಲ್ಲಿರಬೇಕು ಅನಿಸುತ್ತಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ನವೆಂಬರ್ 15

ಹಂಸಗಳು ಬಂದಿವೆ. ಉತ್ತರದಿಂದ ಇಳಿದು ಹಿನ್ನೀರಿನಲ್ಲಿ ತಂಗಿವೆ, ನೀರೇ ಕಾಣದಷ್ಟು. ಮದುವೆಮನೆಯ ಗದ್ದಲ. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಚಳಿಗೆ ಮೂಗು ಕಳೆದುಹೋಗಿತ್ತು. ಎಮೆಟ್ ಅವರಪ್ಪನ ಜಾಕೆಟ್ ತಂದಿದ್ದ ನನಗೆಂದು. ಕೊಟ್ಟಿಗೆಯ ವಾಸನೆ. ಇಷ್ಟವಾಯಿತು.

ಆಮೇಲೆ, ನನ್ನ ಕಡೆ ನೋಡದೆ:

"ಥ್ಯಾಂಕ್ಸ್‌ಗಿವಿಂಗ್‌ಗೆ ನಮ್ಮನೆಗೆ ಬರ್ತೀಯಾ? ಹಬ್ಬದ ಊಟಕ್ಕೆ."

ಹೂಂ ಎಂಬುದು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ಈ ಸಲ ಕಲಿತವಳಂತೆ ನಡೆದುಕೊಳ್ಳಬೇಕಿತ್ತು. "ಅಯ್ಯೋ, ಬೇಡ ಬೇಡ. ಸುಮ್ನೆ ತೊಂದ್ರೆ."

"ತೊಂದ್ರೆ ಏನಿಲ್ಲ. ಅಮ್ಮನೂ ಕೇಳು ಅಂದ್ಲು."

"ಇಲ್ಲ ಇಲ್ಲ, ನಾನು ಹಾಸ್ಟೆಲಲ್ಲೇ ಆರಾಮಾಗಿರ್ತೀನಿ." ನಗುನಗುತ್ತಲೇ ಅಂದೆ. ಕಾದೆ.

ಹಂಸಗಳು ಕಿರುಚಿದವು.

"ಸರಿ, ಹ್ಯಾಟಿ," ಅಂದ.

ವಾಪಸ್ ಬರುವಾಗ ರೇಡಿಯೋ ಹಾಕಿದ. ಯಾವತ್ತೂ ಹಾಕುವುದಿಲ್ಲ.

ನವೆಂಬರ್ 19, ಬುಧವಾರ

ಕೆಮಿಸ್ಟ್ರಿ ಕ್ಲಾಸ್. ಎಮೆಟ್ ತಲೆಯಾಡಿಸಿದ. ಅಷ್ಟೇ. ಬಾಯಿಮಾತಿಗೆ ಕರೆದಿದ್ದನೇನೋ, ಮೂರನೇ ಸಲ ಕೇಳುವಷ್ಟು ಮನಸ್ಸಿರಲಿಲ್ಲವೇನೋ. ಹೌದು. ಹಾಗೇ ಇರಬೇಕು.

ಅಮ್ಮನಿಗೆ ಹೇಳಿದೆ: ಕ್ರಿಸ್‌ಮಸ್‌ಗೆ ಬಂದರೆ ಮತ್ತೆ ಇಲ್ಲಿಗೆ ವಾಪಸಾಗದೇ ಇರಬಹುದು.

ನವೆಂಬರ್ 22, ಶನಿವಾರ

ಎಮೆಟ್ ಕೆಲಸಕ್ಕೆ ರಜ ಹಾಕಿದ್ದಾನೆ. ಲೈಬ್ರರಿಯಲ್ಲಿ ಪುಸ್ತಕ ತಲೆಕೆಳಗಾಗಿ ಹಿಡಿದಿದ್ದೆನಂತೆ. ಮಿಸೆಸ್ ಲಿಂಡ್‌ಕ್ವಿಸ್ಟ್ ಒಳಗೆ ಕರೆದು ಕಾಫಿ ಕೊಟ್ಟರು. ಎಲ್ಲಾ ಹೇಳಿದೆ. ಹಂಸ, ಊಟ, ಎರಡು ಸಲ ಬೇಡ.

ಅವರು ಹಣೆಗೆ ಕೈ ಹಚ್ಚಿದರು. "ಅಯ್ಯೋ ದೇವ್ರೇ. ಎಲ್ಲಾ ನನ್ನಿಂದ್ಲೇ."

"ಯಾಕೆ?"

"ಅವನು ಬಂದಿದ್ದ ಕೇಳೋಕೆ, ನಿನ್ನ ಹೇಗೆ ಕರೀಲಿ ಅಂತ. ನಾನೇ ಅಂದೆ, 'ಅವಳು ಇಂಗ್ಲಿಷರ ಹುಡುಗಿ ಕಣೋ, ಅವರಲ್ಲಿ ಬೇಡ ಅಂದ್ರೆ ಬೇಡವೇ. ಪಾಪ, ಮೊದಲೇ ಹೆದರ್ತಾಳೆ, ನಮ್ಮೋರ ಹಾಗೆ ಒತ್ತಾಯ ಮಾಡ್ಬೇಡ' ಅಂತ. ಅವನು ಒಂದ್ಸಲ ಜಾಸ್ತೀನೇ ಕೇಳಿದಾನೆ, ಪಾಪ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಆಮೇಲೆ ಏನಂದ?"

"ರಜ ಕೇಳೋಕೆ ಬಂದಾಗ ಏನಾಯ್ತೋ ಅಂದೆ. 'ಪರವಾಗಿಲ್ಲ' ಅಂದ."

"ಹಾಗಂದ್ರೆ?"

"ನಮ್ಮ ಹುಡುಗರು ಹಾಗಂದ್ರೆ ವಾರದಿಂದ ಸರಿಯಾಗಿ ಊಟ ಮಾಡಿಲ್ಲ ಅಂತ."

"ನೀವೇ ಅವನಿಗೆ ಹೇಳಿ, ಪ್ಲೀಸ್."

"ನಾನಾ? ಇನ್ನೊಬ್ಬರ ವಿಷಯದಲ್ಲಿ ನಾನ್ಯಾಕೆ ಮೂಗು ತೂರಿಸ್ಲಿ?" ಎಂದವರು ನನ್ನ ಮುಖ ನೋಡಿ ತಾವೇ ನಕ್ಕರು. "ಇಲ್ಲ ಕಂದಾ. ನಾನು ತೂರಿಸಿದ್ದೇ ಸಾಕು. ನೀನೇ ಕೇಳು."

ನವೆಂಬರ್ 24, ಸೋಮವಾರ

ನೀನೇ ಕೇಳು — ಎಷ್ಟು ಸುಲಭ. ಅಪ್ಪ, ಅಮ್ಮ ಇಬ್ಬರೂ ಆಗ ವಿದೇಶದಲ್ಲಿದ್ದರು; ನಮ್ಮ ಯಾರ್ಕ್‌ಷೈರ್ ಶಾಲೆಯಲ್ಲಿ ಹೀಗೆ ರಜೆಗೆ ಹೋಗಲು ಮನೆಯಿಲ್ಲದ ಹುಡುಗಿಯರು ಕೆಲವರಿದ್ದೆವು. ಒಂದೇ ನಿಯಮ: ಬೇರೆಯವರ ಮನೆಗೆ ಬರಲೇ ಎಂದು ಬಾಯಿಬಿಟ್ಟು ಕೇಳಬಾರದು. ಕೇಳಿದವಳಿಗೆ ಅಂಟುಹುಳ ಎಂದು ಹೆಸರು. ಕರೆಯುವವರೆಗೆ ಕಿಟಕಿ ಬಳಿ ನಿಂತು, ಕಾಯುತ್ತಿಲ್ಲ ಎಂಬಂತೆ ಕಾಯಬೇಕು. ಅದರಲ್ಲಿ ನಾನು ಬಹಳ ಚುರುಕು.

ಕ್ಲಾಸ್ ಮುಗಿದ ಮೇಲೆ ಎಮೆಟ್ ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತಿದ್ದ. ಕಟ್ಟಿಯಾದ ಮೇಲೂ ಕಟ್ಟುತ್ತಿದ್ದ. ನಾನು ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದೆ. ಬ್ಯಾಗಿನಲ್ಲಿ ಏನೂ ಕಳೆದಿರಲಿಲ್ಲ.

ನವೆಂಬರ್ 26, ಬುಧವಾರ, ಮಧ್ಯಾಹ್ನ

ಹಿಮ. ಹಾಸ್ಟೆಲ್ ಖಾಲಿ. ಅಡುಗೆಮನೆಗೂ ಬೀಗ. ನಾಳೆಯೇ ಹಬ್ಬ.

ಬೆಳಗಿನಿಂದ ಬರೆದು ಅಳಿಸಿ, ಬರೆದು ಅಳಿಸಿ. 'ತೊಂದರೆ ಇಲ್ಲ ಅಂದ್ರೆ' ತೆಗೆದೆ. 'ನಿಮ್ಮಮ್ಮ ಬೇಜಾರು ಮಾಡಿಕೊಳ್ಳದಿದ್ರೆ' ತೆಗೆದೆ. ಎರಡು ಕಡೆ ಬರೆದಿದ್ದ 'ಸಾರಿ' ತೆಗೆದೆ. ಉಳಿದದ್ದು ತೀರಾ ಚಿಕ್ಕದು. ಈಗಷ್ಟೇ ಫೋನ್‌ನಿಂದ ಕಳಿಸಿದೆ, ಕಣ್ಣು ಮುಚ್ಚಿಕೊಂಡು. ಇಲ್ಲೂ ಬರೆದಿಡುತ್ತೇನೆ, ನಾನೇ ಕೇಳಿದ್ದು ಎಂದು ನಂಬುವುದಕ್ಕೆ:

ಎಮೆಟ್, ಅವತ್ತು ಬೇಡ ಅಂದೆ. ನಿಮ್ಮೂರೋರ ಥರ ಅಂದೆ ಅಂದ್ಕೊಂಡಿದ್ದೆ. ನನಗೆ ಬರ್ಬೇಕು ಅಂತ ತುಂಬಾ ಆಸೆ ಇತ್ತು, ಈಗ್ಲೂ ಇದೆ. ನಾಳೆ ಬರ್ಲಾ? ಬೇಗ ಉತ್ತರ ಕೊಡು. — ಹ್ಯಾಟಿ