ದೀರ್ಘ ಮರೆತ ಪಾಸ್‌ವರ್ಡ್

ಶುಕ್ರವಾರ, ಮೇ ೧೬

ಮೇಲಿನ ಬೀದಿಗೆ ದಿನವೂ ನೀರು, ನಮ್ಮ ಕೆಳಗಿನ ಬೀದಿಗೆ ವಾರಕ್ಕೊಮ್ಮೆ. ಇದು ಅನ್ಯಾಯ, ಇದಕ್ಕೆ ಬೇರೆ ಹೆಸರಿಲ್ಲ. ಅದನ್ನು ರುಜುವಾತು ಮಾಡಲೆಂದೇ ನಾನು, ನಮ್ಮ ಬೀದಿಯ ದೀಪಕ್, ಇಂದ್ರೇಶ ಸೇರಿ ಟ್ಯಾಂಕಿನ ಬಳಿ ಅಂಗೈಯಗಲದ ಕಂಪ್ಯೂಟರ್ ಇಟ್ಟಿದ್ದೆವು. ಯಾವ ಬೀದಿಯ ವಾಲ್ವ್ ಯಾವಾಗ ತಿರುಗಿತು ಎಂಬುದೆಲ್ಲ ಬೇಸಿಗೆಯಿಡೀ ಅದರಲ್ಲಿ ದಾಖಲಾಗಿತ್ತು.

ಅದನ್ನು ತೆರೆಯುತ್ತಿದ್ದವನು ಇಂದ್ರೇಶ. ಇವತ್ತು ಅವನು ಅರಸೀಕೆರೆಗೆ ಹೋಗಿದ್ದ, ಫೋನ್ ಎತ್ತಲಿಲ್ಲ. ಪಾಸ್‌ವರ್ಡ್ ಊರಿನ ಹೆಸರೇ ಎಂದು ಗೊತ್ತಿತ್ತು. ಎಷ್ಟು ಸಲ ಹೊಡೆದರೂ ತಪ್ಪು ಎಂದಿತು.

"ಬದಲಾಯಿಸವ್ನೆ ಕಣೇ. ಅವನ ಮನೆ ಮೇಲಿನ ಬೀದೀಲಿ ತಾನೇ ಐತೆ?" ಎಂದ ದೀಪಕ್.

ಹುಟ್ಟಿದ ಬೀದಿಯ ಬುದ್ಧಿ ಎಂದು ನಾನೂ ಬೈದೆ. ಹೊಸ ಪಾಸ್‌ವರ್ಡ್ ಹಾಕೋಣವೆಂದು ಮೆಮೊರಿ ಕಾರ್ಡ್ ತೆಗೆದು, ಎಲ್ಲ ಅಳಿಸಿ, ಹೊಸದಾಗಿ ಸಿದ್ಧ ಮಾಡಿದೆ; ಬೇಸಿಗೆಯ ದಾಖಲೆಯೂ ಅದರಲ್ಲೇ ಇದೆ ಎಂಬುದು ಆ ಸಿಟ್ಟಿನಲ್ಲಿ ಹೊಳೆಯಲಿಲ್ಲ.

ಸಂಜೆ ಇಂದ್ರೇಶ ಬಂದು, ನಡೆದದ್ದೆಲ್ಲ ಕೇಳಿಕೊಂಡು, "ಹಳೇಬೀಡು ಅಂತ ಹೆಂಗೆ ಹೊಡೆದೆ?" ಎಂದು ಕೇಳಿದ.

"ಬಸ್ಸಿನ ಬೋರ್ಡಲ್ಲಿ ಇಂಗ್ಲಿಷಲ್ಲಿ ಇರೋ ಹಂಗೆ, Halebidu."

"‘ಬೀ’ ದೀರ್ಘ ಅಲ್ವೇನೇ? ಅಲ್ಲಿ ಎರಡು ‘e’ ಹಾಕಿದ್ದೆ, Halebeedu."

ಅವನು ಬೈಯಲಿಲ್ಲ. ಖಾಲಿ ಕಾರ್ಡನ್ನು ತಿರುಗಿಸಿ ನೋಡಿದ, ಅಷ್ಟೇ. ಅದೇ ಸುಡುತ್ತಿದೆ. ಸಾಕ್ಷಿ ನಾಶ ಮಾಡಿದ್ದು ಮೇಲಿನ ಬೀದಿಯವರಲ್ಲ, ನಾನು.

ಸೋಮವಾರ ಪಂಚಾಯಿತಿ ಸಭೆಯಲ್ಲಿ ನೀರಿನ ದೂರು ಹೇಳಲು ಈಗ ಬಾಯಿಮಾತು ಮಾತ್ರ. ಮನೆಮನೆಗೆ ಹೋಗಿ ಹೆಂಗಸರನ್ನು ಕರೆಯಬೇಕು. ಇಂದ್ರೇಶನೂ ಬರುತ್ತಾನಂತೆ. ಭಾನುವಾರ ಬೆಳಿಗ್ಗೆ ಏಳಕ್ಕೆ, ಟ್ಯಾಂಕಿನ ಹತ್ತಿರ.