ಸತ್ತ ಮೀನಿಗೊಂದು ಅಪ್ಪಣೆ

ಅಣ್ಣನಿಗೆ,

ನೀನು ಹೇಳಿಕಳಿಸಿದಂತೆ, ವಾಕಿಂಗಿನವರು ಬರುವ ಮೊದಲೇ ದೋಣಿ ಇಳಿಸಿ, ಸತ್ತು ತೇಲುತ್ತಿದ್ದ ಮೀನುಗಳನ್ನೆಲ್ಲ ಬಳಿದು ಬುಟ್ಟಿಗೆ ಹಾಕಿದ್ದೇನೆ. ಮೊನ್ನೆ ಕೆರೆ ಸಮಿತಿಯ ಅಧ್ಯಕ್ಷನಾಗಿ ನೀನು ಫೋಟೋ ತೆಗೆಸಿಕೊಂಡು ಬಿಟ್ಟ ಮರಿಗಳೇ ಅವು. ಒಂದೂ ಉಳಿದಂತಿಲ್ಲ.

ಯಾಕೆಂದು ನನ್ನನ್ನು ಕೇಳಬೇಡ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಮೋರಿ ಇನ್ನೂ ಕೆರೆಗೇ ಬೀಳುತ್ತಿದೆ. ಆ ಕೊಳಕನ್ನು ತಡೆಯುತ್ತಿದ್ದ ಜೊಂಡನ್ನು ಮಾತ್ರ, ನೋಡಲು ಚೆಂದವಿಲ್ಲವೆಂದು ನೀವು ಸಮಿತಿಯವರು ಕೀಳಿಸಿ ದಡಕ್ಕೆ ಕಲ್ಲು ಹಾಸಿದಿರಿ. ಮೀನು ಮೊಟ್ಟೆಯಿಡುವ ಕಾಲಕ್ಕೆ ಆ ಜೊಂಡಿನ ಹತ್ತಿರ ಅಪ್ಪ ದೋಣಿಯ ಹುಟ್ಟು ಹಾಕುವುದನ್ನೂ ನಿಲ್ಲಿಸಿ, "ಬಾಣಂತಿ ಕೋಣೆ ಕಣ್ರೋ, ಸದ್ದು ಮಾಡ್ಬೇಡಿ" ಅನ್ನುತ್ತಿದ್ದರು. ನೀನೇ ತುಟಿಗೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸುತ್ತಿದ್ದೆ.

ಮೀನು ಹೆಚ್ಚಲೆಂದು ನಮ್ಮ ಬಲೆಗೆ ನೀನು ನಿಷೇಧ ಹಾಕಿದಾಗಲೂ ನಾನು ಸುಮ್ಮನೇ ಇದ್ದೆ. ಅತ್ತಿಗೆ ಮೀನು ಕೇಳಿದ್ದರು. ಮಾರ್ಕೆಟ್ಟಿನ ಐಸಿನದನ್ನೇ ಕೊಳ್ಳಲು ಹೇಳು. ನಾವೂ ಅದನ್ನೇ ತಿನ್ನುತ್ತಿದ್ದೇವೆ.

ಈಗ ಒಂದು ಉಪಕಾರ ಮಾಡು. ಬುಟ್ಟಿ ಹೊತ್ತು ಹೊರಟರೆ ಗೇಟಿನ ಕಾವಲುಗಾರ ಅಡ್ಡ ನಿಂತ. "ಕೆರೆಯಿಂದ ಮೀನು ಹೊರಗೆ ಒಯ್ಯೋ ಹಾಗಿಲ್ಲಕ್ಕ, ಬೋರ್ಡ್ ಮೇಲೆ ನಿಮ್ಮಣ್ಣನ ಹೆಸರೇ ಇದೆ ನೋಡಿ" ಎಂದ. ಸತ್ತದ್ದಕ್ಕಾದರೂ ಒಂದು ಅಪ್ಪಣೆ ಬರೆದು, ಈ ಪತ್ರ ತಂದವರ ಕೈಯಲ್ಲೇ ಕಳಿಸು.

ಅಲ್ಲಿಯವರೆಗೆ ಬುಟ್ಟಿಯನ್ನು ನಿನ್ನ ಹೆಸರು ಕೆತ್ತಿದ ಉದ್ಘಾಟನೆಯ ಕಲ್ಲಿನ ಬುಡದಲ್ಲಿ ಇಟ್ಟಿದ್ದೇನೆ. ಬಿಸಿಲೇರುತ್ತಿದೆ. ಗಾಳಿ ನಿನ್ನ ಆಫೀಸಿನ ಕಡೆಗೇ ಬೀಸುತ್ತಿದೆ.

ಇಂತಿ,
ಇನ್ನೂ ಸುಮ್ಮನಿರುವ ನಿನ್ನ ತಂಗಿ