ಬುಟ್ಟಿಯಲ್ಲಿ ಉಳಿದ ಒಂದು ಕಾಗದ

ಬಾಳಗಡಿ,
ಸೋಮವಾರ

ಅಂಬಿಕಾ,

ಹೇಗಿದ್ದೀಯ ಎಂದು ಕೇಳುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ, ಕೇಳಿಬಿಡುತ್ತೇನೆ. ಹೇಗಿದ್ದೀಯ? ನಿನ್ನಮ್ಮನ ಮಂಡಿನೋವು ಹೇಗಿದೆ? ಮಂಗಳೂರಿನ ಸೆಕೆ ಅವರಿಗೆ ಒಗ್ಗಿತಾ?

ನಮ್ಮ ಅಂಗಡಿ ಹಾಗೇ ಇದೆ. ಜೆರಾಕ್ಸ್ ಮೆಷಿನ್ ಈಗಲೂ ಎರಡನೇ ಹಾಳೆಯನ್ನು ಜಗಿಯುತ್ತದೆ. ಅರ್ಜಿ ತುಂಬಿಸಲು ಬರುವವರು ಈಗಲೂ "ಇಮೇಲಾ? ಅದೆಲ್ಲ ನಮ್ಗೆಲ್ಲಿ, ನಿಮ್ದೇ ಹಾಕಿ" ಎನ್ನುತ್ತಾರೆ, ನಾನು ಹಾಕುತ್ತೇನೆ. ಕೊಪ್ಪದವರು, ಹರಿಹರಪುರದವರು, ಶೃಂಗೇರಿಯಿಂದ ಬಂದವರು, ಎಲ್ಲರಿಗೂ ಅಂಗಡಿಯ ಒಂದೇ ವಿಳಾಸ. ನೀನೂ ಅಷ್ಟೇ. ಊರಿಗೆಲ್ಲ ಅರ್ಜಿ ತುಂಬಿಕೊಟ್ಟವಳು ಸ್ವಂತಕ್ಕೊಂದು ಇಮೇಲ್ ಮಾಡಿಕೊಳ್ಳಲಿಲ್ಲ. "ನಂಗೂ ನಿಂಗೂ ಸೇರಿ ಒಂದು ಸಾಕು ಮಾರಾಯ್ತಿ" ಅಂದಿದ್ದೆ. ಆ ಮಾತು ಕೇಳಿ ನನಗೆಷ್ಟು ಖುಷಿಯಾಗಿತ್ತು ಎಂದು ನಿನಗೆ ಹೇಳಲೇ ಇಲ್ಲ. ಆಸ್ಪತ್ರೆಯ ಕೆಲಸಕ್ಕೆ ಹಾಕಿದ ಅರ್ಜಿಯಲ್ಲೂ ನೀನು ಅದನ್ನೇ ಕೊಟ್ಟಿದ್ದೆ.

ಹೋದ ವಾರ ಒಂದು ಬೆದರಿಕೆ ಮೇಲ್ ಬಂತು, ಇವತ್ತೇ ಇಲ್ಲಿ ಒತ್ತದಿದ್ದರೆ ನಿಮ್ಮ ಖಾತೆ ಮುಚ್ಚುತ್ತೇವೆ ಎಂದು. ಇಂಥವು ದಿನಕ್ಕೆ ನಾಲ್ಕು ಬರುತ್ತವೆ. ಕಳಿಸುವವನ ಜನ್ಮ ಜಾಲಾಡಬೇಕು ಎಂದು ಸಿಟ್ಟು ಬಂದು, ಕಾಲೇಜಿನ ಕಂಪ್ಯೂಟರ್ ಮೇಷ್ಟ್ರು ಶ್ರೀಕಾಂತರನ್ನು ಕರೆದೆ. ಅವರು ಮೇಲ್‌ನ ಹಿಂದೆ ಅಡಗಿರುವ ಉದ್ದುದ್ದ ಸಾಲುಗಳನ್ನು ತೆರೆದು, ಅದು ಎಲ್ಲೆಲ್ಲಿ ಹಾದು ಬಂದಿದೆ ಎಂದು ತೋರಿಸಿದರು. ಯಾವುದೋ ದೇಶದ ಸರ್ವರ್ ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಬ್ಲಾಕ್ ಮಾಡೋಣವೆಂದು ಸೆಟ್ಟಿಂಗ್ಸ್ ತೆಗೆದವರು ಅಲ್ಲೇ ನಿಂತರು. "ಎಂತ ಸರೋಜಕ್ಕ, ಮಂಗಳೂರಿನ ಒಂದು ಇಡೀ ಆಸ್ಪತ್ರೇನೇ ಬ್ಲಾಕ್ ಮಾಡಿಟ್ಟಿದೀರಲ್ಲ?"



ಆ ಆಸ್ಪತ್ರೆಯಿಂದ ಏನೇ ಬಂದರೂ ನೇರ ಕಸದ ಬುಟ್ಟಿಗೆ ಹೋಗಲಿ ಎಂಬ ಅಪ್ಪಣೆ ಎರಡು ವರ್ಷದಿಂದ ಅಲ್ಲಿ ಕೂತಿತ್ತು. ಬುಟ್ಟಿಯಲ್ಲಿ ಒಂದೇ ಒಂದು ಮೇಲ್ ಇತ್ತು. ಕಳಿಸಿದವರ ಹೆಸರಿಲ್ಲ, ವಿಷಯವಿಲ್ಲ, ಬರೀ ಅಂಕಿಗಳ ಹೆಸರಿನ ಅಟ್ಯಾಚ್‌ಮೆಂಟ್. "ಮುಟ್ಬೇಡಿ, ಮೊದ್ಲು ನೋಡುವ" ಎಂದು ಶ್ರೀಕಾಂತ್ ಅದರ ಮೂಲವನ್ನೂ ಹುಡುಕಿದರು. ಆಸ್ಪತ್ರೆಯ ದಾಖಲೆ ವಿಭಾಗದ ಸ್ಕ್ಯಾನರ್‌ನಿಂದ ಬಂದದ್ದು. ತೆರೆದರೆ ನಿನ್ನ ಕೈಬರಹ. ಟೈಪ್ ಮಾಡಿದ್ದು ಕಾಗದವೇ ಅಲ್ಲ ಎನ್ನುತ್ತಿದ್ದವಳು ನೀನು, ಬರೆದು, ಸ್ಕ್ಯಾನ್ ಮಾಡಿ ಕಳಿಸಿದ್ದೆ. ಮೇಷ್ಟ್ರು ನನ್ನ ಮುಖ ನೋಡಿ, ಕ್ಲಾಸಿದೆ ಎಂದು ಎದ್ದುಹೋದರು.

ತಿಂಗಳಿಗೊಂದು ಬರೆಯುತ್ತಿದ್ದೇನೆ, ಹೊಸ ನಂಬರನ್ನು ಮೊದಲ ಕಾಗದದಲ್ಲೇ ಕೊಟ್ಟಿದ್ದೇನೆ ಎಂದಿದ್ದೀಯ. ಬುಟ್ಟಿಯಲ್ಲಿ ಬಿದ್ದದ್ದು ಮೂವತ್ತು ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ ಅಂಬಿಕಾ. ಇಪ್ಪತ್ತಕ್ಕೂ ಹೆಚ್ಚು ಕಾಗದ ಹಾಗೇ ಹೋದವು. ಅವುಗಳಲ್ಲಿ ಏನಿತ್ತು? ಒಂದರಲ್ಲಿ ನಿನಗೆ ಜ್ವರ ಬಂದಿರಬಹುದು. ಒಂದರಲ್ಲಿ ಯಾರನ್ನೋ ಅಣಕಿಸಿ ನಗಿಸಿರಬಹುದು. ನಾನು ಇಲ್ಲಿ ಕೂತು ಊರವರಿಗೆಲ್ಲ ಅವರವರ ಮೇಲ್ ಓದಿ ಹೇಳುತ್ತಿದ್ದೆ, ನನ್ನದನ್ನು ಓದಲಿಲ್ಲ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಸುತ್ತಿ ಬಳಸಿ ಸಾಕಾಯಿತು.

ಕೆಲಸಕ್ಕೆ ಬಂದು ಸೇರಿ ಎಂಬ ಮೇಲ್ ಬಂದಾಗ ನೀನು ಊಟಕ್ಕೆ ಹೋಗಿದ್ದೆ. ನಾನು ಓದಿದೆ, ಅಳಿಸಿದೆ. ಮತ್ತೆ ನೆನಪಿಸಿ ಕಳಿಸಿದರೆ ಎಂದು ಹೆದರಿ ಆಸ್ಪತ್ರೆಯನ್ನೇ ಬ್ಲಾಕ್ ಮಾಡಿದೆ. ನಿನ್ನ ಕುರ್ಚಿ ಖಾಲಿಯಾಗುವುದನ್ನು ನೆನೆಸಿಕೊಂಡರೇ ಆಗುತ್ತಿರಲಿಲ್ಲ ನನಗೆ. ಅವರು ಫೋನ್ ಮಾಡಿ ಮೂರು ಮೇಲ್ ಕಳಿಸಿದ್ದೇವೆ ಎಂದಾಗ ನೀನು ಬುಟ್ಟಿ ತೆರೆದು ಮೂರೂ ಅಲ್ಲಿ ಬಿದ್ದಿರುವುದನ್ನು ನೋಡಿ, "ನೀನಾ?" ಎಂದು ಕೇಳಿದೆ. "ಜಂಕ್ ಜೊತೆ ಹೋಗಿರ್ಬೇಕು ಮಾರಾಯ್ತಿ, ನಂಗೆಂತ ಗೊತ್ತು" ಎಂದೆ. ನೀನು ಬಸ್ಸು ಹತ್ತಿದ ದಿನ ಹಾಲ್ ಟಿಕೆಟ್ ಪ್ರಿಂಟು ಬಹಳ ಇದೆ ಎಂದು ನಾನು ಬಸ್ ಸ್ಟ್ಯಾಂಡಿಗೆ ಬರಲಿಲ್ಲ. ಆಮೇಲೆ ನೀನು ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಆ ಬ್ಲಾಕ್ ತೆಗೆಯಲು ಹೋದರೆ ನಾನು ಮಾಡಿದ್ದನ್ನು ನಾನೇ ನೋಡಬೇಕಿತ್ತು. ಅದಕ್ಕೇ ಅದನ್ನೂ ಮುಟ್ಟಲಿಲ್ಲ.

ನಿನ್ನ ಕಾಗದಕ್ಕೆ ಅಲ್ಲೇ ಉತ್ತರ ಒತ್ತಿದೆ. ಈ ವಿಳಾಸ ಉತ್ತರ ಸ್ವೀಕರಿಸುವುದಿಲ್ಲ ಎಂದು ವಾಪಸ್ ಬಂತು. ಆಸ್ಪತ್ರೆಗೆ ಫೋನ್ ಮಾಡಿ ನಿನ್ನನ್ನು ಕರೆಸಬಹುದು. ಆದರೆ ನಿನ್ನ ದನಿ ಕೇಳಿದರೆ ಮತ್ತೊಂದು ಸುಳ್ಳು ಹೇಳಿಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ಅದಕ್ಕೇ ದಾಖಲೆ ವಿಭಾಗಕ್ಕೆ ನಿನ್ನ ಹೆಸರು ಬರೆದು ಇದನ್ನು ಅಂಚೆಗೆ ಹಾಕುತ್ತಿದ್ದೇನೆ.

ನಿನ್ನ ಕಾಗದದ ಕೊನೆಯ ಸಾಲುಗಳನ್ನು ಈ ಒಂದು ವಾರದಲ್ಲಿ ಎಷ್ಟು ಸಲ ಓದಿದೆನೋ. "ಅವತ್ತು ನಿನ್ ಮೇಲೆ ಅನುಮಾನ ಪಟ್ಟೆ, ಅದಕ್ಕೇ ನೀನು ಮಾತು ಬಿಟ್ಟಿದೀಯ. ತಪ್ಪಾಯ್ತು ಸರೋಜ, ಕ್ಷಮಿಸು. ಇನ್ನು ಬರ್ದು ತೊಂದ್ರೆ ಕೊಡಲ್ಲ."

ನಿನ್ನ ಅನುಮಾನ ಸರಿಯಾಗಿತ್ತು ಅಂಬಿಕಾ. ಕ್ಷಮೆ ಕೇಳಬೇಕಾದವಳು ನಾನು, ಕೇಳುತ್ತಿದ್ದೇನೆ.

ನೀನೂ ಅಮ್ಮನೂ ಎಲ್ಲಿದ್ದರೂ ಆರೋಗ್ಯವಾಗಿ, ನಗುನಗುತ್ತಾ ಇರಿ. ಬೈದು ಬರೆದರೂ ಸಾಕು, ಬರೆ.

ಇಂತಿ,
ನಿನ್ನನ್ನು ಕಳಿಸಿಕೊಡಲು ಬಾರದ
ಸರೋಜ